ಕರಿ ಕುರಿಗೆ ಸುಣ್ಣದ ಬೊಟ್ಟು

"ಕುರಿ ಬಿಟ್ಟು ಬೇರೇನೂ ಸಿಗಲಿಲ್ವೇನಮ್ಮ ನಿಮಗೆ?" ಎಂದು ನನ್ನ ಸಂಶೋಧನೆಯ ಪ್ರಗತಿ ನೋಡುವ ಪ್ಯಾನಲ್‌ನ ಹಿರಿಯ ಪ್ರಾಧ್ಯಾಪಕರು ಕೇಳಿದರು. ಪಕ್ಕದಲ್ಲಿ ಕೂತಿದ್ದ ಇನ್ನಿಬ್ಬರು ನಕ್ಕರು. ನಾನು ನಗಲಿಲ್ಲ.

"ಸಿಕ್ಕಿತ್ತು ಸರ್. ನಾನೇ ಬೇಡ ಅಂದೆ" ಎಂದೆ.

ಗೈಡ್ ಮೇಜಿನ ಕೆಳಗಿಂದಲೇ ಕೈಸನ್ನೆ ಮಾಡಿ ಸುಮ್ಮನಿರು ಎಂದರು. ಸುಮ್ಮನಾದೆ. ಆ ಹೊತ್ತಿಗೆ ಅದು ಸರಿಯೇ ಆಗಿತ್ತು. ಕಂಪ್ಯೂಟರ್ ಸೈನ್ಸಿನಲ್ಲಿ ಸಂಶೋಧನೆಯ ಮೂಲಕ ಪಡೆಯುವ ಮಾಸ್ಟರ್ ಪದವಿಗೆ ನಾನು ನೋಂದಾಯಿಸಿಕೊಂಡು ಆರು ತಿಂಗಳಾಗಿತ್ತು. ಈ ಪದವಿಯಲ್ಲಿ ತರಗತಿ ಕಡಿಮೆ. ಒಂದು ಪ್ರಶ್ನೆ ಹಿಡಿದುಕೊಂಡು ಮೂರು ವರ್ಷದೊಳಗೆ ಉತ್ತರ ಹುಡುಕಬೇಕು, ಒಂದಾದರೂ ಪೇಪರ್ ಪ್ರಕಟಿಸಬೇಕು, ಪ್ರಬಂಧ ಬರೆದು ವೈವಾದಲ್ಲಿ ನಿಂತು ಸಮರ್ಥಿಸಬೇಕು. ಮಧುಗಿರಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತಾ, ವಾರಕ್ಕೆರಡು ದಿನ ರಜೆ ಹಾಕಿ ಸಂಶೋಧನಾ ಕೇಂದ್ರಕ್ಕೆ ಓಡಿ ಬರುತ್ತಿದ್ದೆ. ಮೂರು ವರ್ಷ ದಾಟಿದರೆ ನೋಂದಣಿಯೇ ರದ್ದು.

ನನ್ನ ಪ್ರಶ್ನೆ ಇಷ್ಟೇ: ಮುಖದ ಫೋಟೋ ನೋಡಿ ಇದು ಯಾವ ಕುರಿ ಎಂದು ಕಂಪ್ಯೂಟರ್ ಹೇಳಬಲ್ಲುದೇ? ಇದು ನನಗೆ ಪುಸ್ತಕದಿಂದ ಬಂದ ಪ್ರಶ್ನೆಯಲ್ಲ. ನಮ್ಮದು ಕುರಿ ಸಾಕುವ ಮನೆತನ. ದೊಡ್ಡಮ್ಮ ಈಗಲೂ ಮಂದೆಯ ಹಿಂದೆ ಹೋಗುತ್ತಾಳೆ. ಒಮ್ಮೆ ಅವಳ ಎರಡು ಕುರಿಗಳನ್ನು ಯಾರೋ ಕದ್ದರು. ವಾರ ಕಳೆದು ಸಂತೆಯಲ್ಲಿ ಅವು ಅವಳ ಕಣ್ಣಿಗೇ ಬಿದ್ದವು. ಕಿವಿಗೆ ಹಾಕಿದ್ದ ಬಿಲ್ಲೆಯನ್ನು ಕಿವಿಯ ತುದಿ ಸಮೇತ ಕತ್ತರಿಸಿದ್ದರು. "ಇವು ನಿನ್ನವೇ ಅನ್ನಾಕೆ ಏನವ್ವ ಸಾಕ್ಷಿ?" ಎಂದು ಸೇರಿದ್ದ ಹಿರಿಯರು ಕೇಳಿದರು. "ನಾನೇ ಸಾಕ್ಷಿ" ಎಂದಳಂತೆ ದೊಡ್ಡಮ್ಮ. ಅದು ಸಾಲಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದು ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಆಗ ಹಿಡಿದ ವಿಷಯವನ್ನು ನಾನು ಮತ್ತೆ ಬದಲಿಸಲೇ ಇಲ್ಲ.

ಕೆಲಸ ಶುರುವಾಗಿದ್ದು ಮಧುಗಿರಿ ತಾಲ್ಲೂಕಿನ ನಮ್ಮ ಹಟ್ಟಿಯಲ್ಲಿ, ಮುಳ್ಳುಬೇಲಿ ಕಟ್ಟಿದ ರೊಪ್ಪದೊಳಗೆ. ಪ್ರತಿ ಕುರಿಯ ಕುತ್ತಿಗೆಗೂ ನಂಬರಿನ ಪಟ್ಟಿ ಕಟ್ಟಬೇಕೆಂದಿದ್ದೆ. ದೊಡ್ಡಮ್ಮ ಒಪ್ಪಲಿಲ್ಲ.

"ಒಂದು ಎರಡು ಅಂತ ಕುರಿ ಎಣಿಸ್ಬಾರ್ದು ಕಣಮ್ಮ. ಎಣಿಸಿದ್ರೆ ಮಂದೆ ಕರಗ್ತೈತೆ."

"ಮತ್ತೆ ಹೆಂಗೆ ಗುರುತು ಮಾಡ್ಲಿ ದೊಡ್ಡಮ್ಮ?"

"ನೀನು ಓದ್ದೋಳು, ನೀನೇ ಯೋಚ್ನೆ ಮಾಡು."

ಯೋಚಿಸಿ ಕಾಗುಣಿತ ಬರೆದೆ. ಕ, ಕಾ, ಕಿ, ಕೀ ಎಂದು ಶುರುಮಾಡಿ, ಗ, ತ, ನ, ಮ ಸಾಲುಗಳನ್ನೂ ಸೇರಿಸಿ ಅರವತ್ತಕ್ಕೂ ಹೆಚ್ಚು ಪಟ್ಟಿ. ದೊಡ್ಡಮ್ಮನಿಗೆ ಇದು ಇಷ್ಟವಾಯಿತು. ಒಂದು ಕೊಬ್ಬಿದ ಕರಿ ಕುರಿಗೆ 'ಗೋ' ಬಂದಿದ್ದಕ್ಕೆ ಬಹಳ ನಕ್ಕಳು. ನಾಳೆಯಿಂದ ಐದು ದಿನ ಬೆಳಿಗ್ಗೆ ಬಂದು ಫೋಟೋ ತೆಗೆಯುತ್ತೇನೆ, ಈ ಫೋಟೋಗಳನ್ನು ದೊಡ್ಡ ದೊಡ್ಡವರೆಲ್ಲ ನೋಡುತ್ತಾರೆ ಎಂದು ಹೇಳಿ ಬಸ್ ಹತ್ತಿದೆ. ಆ ಕೊನೆಯ ಮಾತನ್ನು ಸ್ವಲ್ಪ ಜಂಬದಿಂದಲೇ ಹೇಳಿದ್ದೆ.

ಐದೂ ದಿನ ಬಿಸಿಲೇರುವ ಮುಂಚೆ ರೊಪ್ಪದಲ್ಲಿ ಕೂತು ಒಂದೊಂದು ಮುಖವನ್ನೂ ಎಡದಿಂದ, ಬಲದಿಂದ, ಎದುರಿನಿಂದ ಫೋಟೋ ತೆಗೆದೆ. ಕಾಲೇಜಿಗೆ ಬಂದು ಪ್ರತಿ ಫೋಟೋವನ್ನೂ ಗದ್ದದವರೆಗೆ ಮಾತ್ರ ಉಳಿಸಿ ಕತ್ತರಿಸಿದೆ. ಕುತ್ತಿಗೆಯ ಪಟ್ಟಿ ಕಂಡರೆ ಮಾಡೆಲ್, ಅಂದರೆ ಫೋಟೋ ನೋಡಿ ಕಲಿಯುವ ಪ್ರೋಗ್ರಾಮು, ಮುಖ ಕಲಿಯುವ ಬದಲು ಅಕ್ಷರ ನೋಡಿ ಕಾಪಿ ಹೊಡೆಯುತ್ತದೆ, ಆ ಎಚ್ಚರ ನನಗಿತ್ತು. ಒಂದು ಪಟ್ಟಿಯ ಅಂಚು ಸಹ ಉಳಿಯದಂತೆ ಸಾವಿರಾರು ಫೋಟೋ ಕತ್ತರಿಸಲು ಒಂದು ತಿಂಗಳು ಹಿಡಿಯಿತು.

ಆಮೇಲಿನದು ಎಲ್ಲರೂ ಮಾಡುವ ಕ್ರಮ. ಫೋಟೋಗಳನ್ನೆಲ್ಲ ಇಸ್ಪೀಟಿನಂತೆ ಕಲಸಿ, ಹೆಚ್ಚಿನ ಪಾಲನ್ನು ಮಾಡೆಲ್‌ಗೆ ಕಲಿಸಲು ಕೊಟ್ಟೆ. ಅದು ನೋಡದ ಉಳಿದ ಪಾಲನ್ನು ಪರೀಕ್ಷೆಗೆ ಇಟ್ಟೆ. ಫಲಿತಾಂಶ ನೋಡಿ ಕುರ್ಚಿಯಿಂದ ಎದ್ದು ನಿಂತೆ. ನೂರು ಫೋಟೋ ಕೊಟ್ಟರೆ ತಪ್ಪುತ್ತಿದ್ದುದು ಎರಡೋ ಮೂರೋ. ಗೈಡ್ ಎರಡು ಸಲ ಓಡಿಸಿ ನೋಡಿದರು. "ಪೇಪರ್ ಬರೀ" ಎಂದರು. ಬರೆದೆವು. ಒಂದು ಒಳ್ಳೆಯ ಕಾನ್ಫರೆನ್ಸು ಅದನ್ನು ಒಪ್ಪಿಕೊಂಡಿತು. ಕೊನೆಯ ಪ್ರತಿ ಕಳಿಸಲು ಎರಡು ತಿಂಗಳು ಸಮಯವಿತ್ತು. ಕುರಿ ಬಿಟ್ಟು ಬೇರೇನೂ ಸಿಗಲಿಲ್ವೇ ಎಂದವರಿಗೆ ಪ್ರಿಂಟ್ ತೆಗೆದು ತೋರಿಸಬೇಕು ಎಂದು ನಾನು ದಿನವೂ ಅಂದುಕೊಳ್ಳುತ್ತಿದ್ದೆ.

ಆ ಎರಡು ತಿಂಗಳಲ್ಲಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನಗೆ ಸುಮ್ಮನಿರಲು ಬರುವುದಿಲ್ಲ. ಕಡಲೆಕಾಯಿ ಕಿತ್ತ ಮೇಲೆ ದೊಡ್ಡಮ್ಮನ ಮಂದೆ ಶಿರಾ ಕಡೆಯ ಹೊಲಗಳಿಗೆ ಹೋಗುತ್ತದೆ. ಗೊಬ್ಬರಕ್ಕೆಂದು ಹೊಲದವರೇ ಕರೆಸಿಕೊಳ್ಳುತ್ತಾರೆ. ಒಂದು ಭಾನುವಾರ ಹೇಳದೆ ಕೇಳದೆ ಶಿರಾ ಬಸ್ ಹತ್ತಿದೆ. ಮಾಡೆಲನ್ನು ಫೋನಿಗೆ ಹಾಕಿಕೊಂಡಿದ್ದೆ. ದೊಡ್ಡಮ್ಮನಿಗೆ ಅವಳ ಕುರಿಯನ್ನೇ ನನ್ನ ಫೋನಿನಿಂದ ಪರಿಚಯ ಮಾಡಿಸುವ ಹುರುಪು.

ಕುರಿಗಳ ಕುತ್ತಿಗೆಯಲ್ಲಿ ಪಟ್ಟಿ ಇನ್ನೂ ಇತ್ತು. ಮೊದಲು ಸಿಕ್ಕಿದ್ದು 'ಕೀ'. ಫೋನು 'ಮೈ' ಎಂದಿತು. ಎರಡನೆಯ ಸಲ 'ಗೋ' ಎಂದಿತು. 'ಗೋ'ವನ್ನೇ ಹಿಡಿದು ತೋರಿಸಿದರೆ 'ತಾ' ಎಂದಿತು. ಹತ್ತು ಕುರಿ ತೋರಿಸಿದೆ, ಹತ್ತೂ ತಪ್ಪು. ಕಣ್ಣುಮುಚ್ಚಿ ಹೇಳಿದ್ದರೂ ಒಂದಾದರೂ ಸರಿಹೋಗುತ್ತಿತ್ತೇನೋ.

ದೊಡ್ಡಮ್ಮ ಕೋಲಿನ ಮೇಲೆ ಗದ್ದ ಊರಿ ನೋಡುತ್ತಿದ್ದಳು. "ಏನಂತೈತೆ ನಿನ್ ಫೋನು?"

"ಏನೂ ಇಲ್ಲ ಬುಡು ದೊಡ್ಡಮ್ಮ."

"ಏನೂ ಇಲ್ದಿದ್ರೆ ನಿನ್ ಮಕ ಯಾಕೆ ಇಂಗಾಯ್ತು?"

ಮುಂದಿನ ಮೂರು ವಾರ ನಾನು ಸಿಕ್ಕಿದ್ದರ ಮೇಲೆಲ್ಲ ಅನುಮಾನಪಟ್ಟೆ. ಶಿರಾದ ಹೊಲದ ಕೆಂಪು ದೂಳು ಇರಬಹುದೆಂದು ಫೋಟೋಗಳ ಬಣ್ಣ ತಿದ್ದಿದೆ. ಮಧ್ಯಾಹ್ನದ ಬಿಸಿಲಿರಬಹುದೆಂದು ಬೆಳಿಗ್ಗೆ ಹೋಗಿ ತೆಗೆದೆ. ಕೂದಲು ಕತ್ತರಿಸಿದ್ದರಿಂದ ಇರಬಹುದೆಂದರೆ ಕುರಿಯ ಮುಖಕ್ಕೆ ಯಾರೂ ಕತ್ತರಿ ಹಾಕುವುದಿಲ್ಲ. ಫೋನು ಬದಲಿಸಿದೆ. ಯಾವುದೂ ಕಾರಣವಾಗಿರಲಿಲ್ಲ. ಕೊನೆಗೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಉತ್ತರ ಕೊಡುವಾಗ ಮಾಡೆಲ್ ಫೋಟೋದ ಯಾವ ಜಾಗವನ್ನು ನೆಚ್ಚಿಕೊಂಡಿದೆ ಎಂದು ಬಣ್ಣ ಹಚ್ಚಿ ತೋರಿಸುವ ಪ್ರೋಗ್ರಾಮ್ ಇದೆ. ಹೆಚ್ಚು ನೋಡಿದ ಜಾಗ ಕೆಂಪು, ನೋಡದ ಜಾಗ ನೀಲಿ. ಹಟ್ಟಿಯ ಹಳೆಯ ಫೋಟೋಗಳ ಮೇಲೆ ಅದನ್ನು ಓಡಿಸಿದೆ.

ಕಣ್ಣು, ಮೂಗು, ಕಿವಿ ಎಲ್ಲ ನೀಲಿ. ಕೆನ್ನೆಯ ಮೇಲೆ ಒಂದೇ ಒಂದು ಕೆಂಪು ಚುಕ್ಕೆ. ಇನ್ನೊಂದು ಕುರಿಗೆ ಹಣೆಯ ಅಂಚಿನಲ್ಲಿ. ಮತ್ತೊಂದಕ್ಕೆ ಕಿವಿಯ ಬುಡದಲ್ಲಿ. ಬಣ್ಣ ತೆಗೆದು ಬರಿಯ ಫೋಟೋ ದೊಡ್ಡದು ಮಾಡಿದೆ. ಬಿಳಿ ಕುರಿಗಳ ಮುಖದಲ್ಲಿ ಹೆಬ್ಬೆರಳಗಲ ಮಸಿ, ಕರಿ ಕುರಿಗಳ ಮುಖದಲ್ಲಿ ಹೆಬ್ಬೆರಳಗಲ ಸುಣ್ಣ.

ಕೂತಲ್ಲಿಂದಲೇ ಫೋನು ಮಾಡಿದೆ.

"ದೊಡ್ಡಮ್ಮ, ಫೋಟೋ ತೆಗೆಯೋಕೆ ಬಂದಿದ್ದಾಗ ಕುರಿಗೆಲ್ಲ ದೃಷ್ಟಿಬೊಟ್ಟು ಇಟ್ಟಿದ್ದಾ?"

"ಇಡದೆ? ದೊಡ್ಡ ದೊಡ್ಡೋರೆಲ್ಲ ನೋಡ್ತಾರೆ ಅಂತ ನೀನೇ ಅಂದಲ್ಲ. ಕಣ್ಣು ಬೀಳಾಕಿಲ್ವಾ? ದಿನಾ ನಸುಕ್ನಾಗೆ ಎದ್ದು, ಅಳಿಸಿದ್ದಕ್ಕೆಲ್ಲ ಅಲ್ಲಲ್ಲೇ ಮತ್ತೆ ತೀಡಿದ್ದೆ. ಯಾಕೆ, ಏನಾಯ್ತು?"

ಏನಾಯಿತೆಂದು ಹೇಗೆ ಹೇಳಲಿ? ಒದ್ದಾಡುವ ಕುರಿಗೆ ಇಟ್ಟ ಬೊಟ್ಟು ಒಂದೊಂದಕ್ಕೂ ಒಂದೊಂದು ಜಾಗದಲ್ಲಿ ಕೂತಿತ್ತು. ಮಾಡೆಲ್‌ಗೆ ಇನ್ನೇನು ಬೇಕು? ಮುಖ ಕಲಿಯುವ ಕಷ್ಟ ಬಿಟ್ಟು ಬೊಟ್ಟು ಕಲಿಯಿತು. ಅದೇ ಐದು ದಿನದ ಫೋಟೋ ಕಲಸಿ ಪರೀಕ್ಷೆಗೂ ಇಟ್ಟಿದ್ದರಿಂದ ಅಲ್ಲೂ ಅದೇ ಬೊಟ್ಟು, ಪೂರ್ತಿ ಮಾರ್ಕು. ಶಿರಾಕ್ಕೆ ನಾನು ಹೇಳದೆ ಹೋಗಿದ್ದೆ, ಅಲ್ಲಿ ಬೊಟ್ಟಿರಲಿಲ್ಲ.

ದೊಡ್ಡಮ್ಮನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದು ನನ್ನ ಮೇಲೆ. ಸಾವಿರಾರು ಫೋಟೋಗಳನ್ನು ಕೈಯಾರೆ ಕತ್ತರಿಸಿದವಳು ನಾನು. ಬೇರೆ ಊರಿನವರು ಯಾರಾದರೂ ಮೊದಲ ಫೋಟೋ ನೋಡಿದ ಕೂಡಲೇ ಇದೇನಿದು ಮಸಿ ಎಂದು ಕೇಳುತ್ತಿದ್ದರು. ನನಗೆ ಅದು ಕಾಣಲೇ ಇಲ್ಲ. ಕೆನ್ನೆ ಮೇಲೆ ಬೊಟ್ಟಿಟ್ಟುಕೊಂಡೇ ಬೆಳೆದವಳು ನಾನು. ಬೊಟ್ಟಿಲ್ಲದಿದ್ದರೆ ಬಹುಶಃ ಗಮನಿಸುತ್ತಿದ್ದೆ.

ಗೈಡ್ ಪೂರ್ತಿ ಕೇಳಿಸಿಕೊಂಡರು. ಕೆಟ್ಟವರಲ್ಲ, ಆದರೆ ಅವರಿಗೂ ಆ ಪೇಪರ್ ಬೇಕಿತ್ತು. "ಒಪ್ಪಿಕೊಂಡಾಗಿದೆಯಲ್ಲ. ಹೊರಗಡೆ ಫೋಟೋಗಳ ಮೇಲೆ ಇನ್ನೂ ಪರೀಕ್ಷೆ ಆಗಬೇಕು ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿ ಕಳಿಸು" ಎಂದರು.

"ಪರೀಕ್ಷೆ ಆಗಿದೆ ಸರ್. ಫೇಲಾಗಿದೆ."

"ಅದು ನಿನಗೂ ನನಗೂ ಮಾತ್ರ ಗೊತ್ತು."

"ದೊಡ್ಡಮ್ಮನಿಗೂ ಗೊತ್ತು ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ವಾಪಸ್ ತೆಗೆದುಕೊಂಡರೆ ಪೇಪರ್ ಇಲ್ಲ, ಪೇಪರ್ ಇಲ್ಲದೆ ಪ್ರಬಂಧ ಸಲ್ಲಿಸುವಂತಿಲ್ಲ, ಉಳಿದಿರುವುದು ಒಂದು ವರ್ಷಕ್ಕೂ ಕಡಿಮೆ ಎಂದು ನಿಧಾನವಾಗಿ ಹೇಳಿದರು. ಎಲ್ಲವೂ ನನಗೆ ಗೊತ್ತಿತ್ತು. ನನ್ನ ತಲೆಯಲ್ಲಿದ್ದುದು ಸಂತೆ. ನಾಳೆ ಯಾರೋ ಈ ಪೇಪರ್ ನಂಬಿ ಇದನ್ನು ಸಂತೆಗೆ ತರುತ್ತಾರೆ. ಕದ್ದವನು ಒಂದು ಬೊಟ್ಟಿಟ್ಟರೆ ಸಾಕು, ದೊಡ್ಡಮ್ಮನ ಕುರಿ ಅವನದಾಗುತ್ತದೆ. ಆಗ ಸಾಕ್ಷಿ ಕೇಳಿದವರಿಗೆ ಕಂಪ್ಯೂಟರೇ ಸಾಕ್ಷಿ. ಇಂಥದ್ದನ್ನು ಮಾಡಿಕೊಡಲು ನಾನು ಓದಲು ಬಂದಿರಲಿಲ್ಲ.

ಪೇಪರನ್ನು ಹಿಂತೆಗೆದುಕೊಳ್ಳುತ್ತೇವೆ ಎಂದು ಮೂರು ಸಾಲಿನ ಇಮೇಲ್ ಬರೆದು ಗೈಡ್ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. "ಕಳಿಸು. ಆದರೆ ಪ್ಯಾನಲ್ ಮುಂದೆ ನೀನೇ ನಿಂತು ಹೇಳ್ಬೇಕು. ನಾನು ಬಾಯಿ ಹಾಕಲ್ಲ." ಅವರ ಎದುರಿಗೇ ಕಳಿಸಿದೆ.

ಪ್ಯಾನಲ್ ಮುಂದೆ ಮೊದಲ ಸ್ಲೈಡಿನಲ್ಲೇ ಆ ಕೆಂಪು ಚುಕ್ಕೆಯ ಫೋಟೋ ಹಾಕಿದೆ. ನಡೆದದ್ದನ್ನು ನಡೆದಂತೆ ಹೇಳಿದೆ. ಹಿರಿಯ ಪ್ರಾಧ್ಯಾಪಕರು ಈ ಸಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎರಡು ವರ್ಷ ಕಷ್ಟಪಟ್ಟು ಬೊಟ್ಟು ಗುರುತಿಸೋ ಯಂತ್ರ ಮಾಡಿದ್ದೀಯಾ ಅನ್ನು!"

"ಹೌದು ಸರ್. ಆ ಕೆಲಸ ಚೆನ್ನಾಗಿ ಮಾಡುತ್ತೆ."

"ಇದಕ್ಕೆ ಇಷ್ಟು ಯೋಚನೆ ಯಾಕಮ್ಮ? ಬೊಟ್ಟು ಇಡಬೇಡಿ ಅಂತ ಆ ಅಜ್ಜಿಗೆ ಹೇಳಿ ಮತ್ತೆ ಫೋಟೋ ತೆಗಿ. ಒಂದು ವಾರದ ಕೆಲಸ."

ಇಲ್ಲಿ ನಾನು ಸುಮ್ಮನಾಗಲಿಲ್ಲ. "ಹೇಳಲ್ಲ ಸರ್" ಎಂದೆ. "ನಾಳೆ ಇದನ್ನು ಬಳಸೋರು ಬೊಟ್ಟು ಇಡೋ ಜನವೇ. ಒಬ್ಬರು ಮಸಿ ಇಡ್ತಾರೆ, ಇನ್ನೊಬ್ಬರು ಅರಿಶಿನ. ಬೊಟ್ಟು ಇಟ್ಟ ಕೂಡಲೇ ಕೆಟ್ಟು ಹೋಗೋ ವಿದ್ಯೆ ನಮಗ್ಯಾಕೆ? ಬದಲಾಗಬೇಕಾಗಿರೋದು ನಮ್ಮ ದೊಡ್ಡಮ್ಮ ಅಲ್ಲ, ನನ್ನ ಮಾಡೆಲ್."

ಬಾಯಿ ಹಾಕುವುದಿಲ್ಲ ಎಂದಿದ್ದ ಗೈಡ್, "ಆರು ತಿಂಗಳು ಕೊಡಿ ಸರ್" ಎಂದರು. ಆರು ತಿಂಗಳಲ್ಲಿ ಹೊಸ ಫಲಿತಾಂಶ ತರದಿದ್ದರೆ ನೋಂದಣಿ ಅಲ್ಲಿಗೆ ಮುಗಿಯಿತು ಎಂದು ಬರೆದುಕೊಂಡು ಹಿರಿಯ ಪ್ರಾಧ್ಯಾಪಕರು ಎದ್ದರು.

ಆರು ತಿಂಗಳಿಗೆ ನಾನು ಒಂದೇ ನಿಯಮ ಹಾಕಿಕೊಂಡೆ: ಕಲಿಸುವ ಫೋಟೋ ಬೇರೆ ಊರಿನದು, ಪರೀಕ್ಷೆಯ ಫೋಟೋ ಬೇರೆ ಊರಿನದು. ಎರಡನ್ನೂ ಕಲಸುವಂತಿಲ್ಲ. ದೊಡ್ಡಮ್ಮನ ಮಂದೆ ಎಲ್ಲಿ ಹೋದರೆ ಅಲ್ಲಿಗೆ ಹೋದೆ. ಶಿರಾದ ಹೊಲದಲ್ಲಿ ತೆಗೆದೆ, ಹಟ್ಟಿಗೆ ವಾಪಸಾದಾಗ ತೆಗೆದೆ, ಬೇಸಿಗೆಯಲ್ಲಿ ಕೊರಟಗೆರೆ ಕಡೆಯ ಕೆರೆಯಂಗಳದಲ್ಲಿ ತೆಗೆದೆ. ಗೊರವನಹಳ್ಳಿಗೆ ಹೋಗುವ ಭಕ್ತರ ಮಧ್ಯೆ ಬಸ್ಸಿನಲ್ಲಿ ನಿಂತು, ಹೆಗಲಿಗೆ ಹರಿದ ಪಟ್ಟಿ, ಬದಲಿ ಪಟ್ಟಿಗಳ ಚೀಲ ಹಾಕಿಕೊಂಡು ಹೋಗುತ್ತಿದ್ದೆ. ಚೀಲದ ಕುರಿವಾಸನೆಗೆ ಮೂಗು ಮುಚ್ಚಿಕೊಂಡವರಿಗೆ ಜಾಗ ಬಿಡಲಿಲ್ಲ.

ಬೊಟ್ಟಿನ ವಿಷಯದಲ್ಲಿ ದೊಡ್ಡಮ್ಮನಿಗೂ ನನಗೂ ಒಂದು ಜಗಳ ಆಯಿತು. ಇವತ್ತು 'ಕೀ'ಯ ಬೊಟ್ಟು ಅಳಿಸಿ 'ಗೋ'ಗೆ ಅದೇ ಜಾಗದಲ್ಲಿ ಇಡು ಎಂದು ಕೇಳಿದ್ದೆ.

"ಬೊಟ್ಟೇನು ಆಟದ ಸಾಮಾನಾ? ಇಟ್ಟಿದ್ದನ್ನ ಕೈಯಾರೆ ಅಳಿಸ್ತಾರೇನೇ? ಅದು ತಾನಾಗೇ ಹೋಗ್ಬೇಕು."

"ಅಂಗಾದ್ರೆ ಹೋದ ಮೇಲೆ, ಬೇರೆ ಜಾಗದಾಗೆ ಇಡ್ತೀಯಾ?"

"ಅಂಗೆ ಕೇಳು. ಅದಕ್ಕೇನು, ಇಡ್ತೀನಿ."

ಹಾಗೇ ಆಯಿತು. ಬೊಟ್ಟು ತಾನಾಗಿ ಅಳಿಸುವವರೆಗೆ ಕಾದು, ಹೊಸ ಜಾಗದಲ್ಲಿ ಇಟ್ಟ ಮೇಲೆ ಫೋಟೋ ತೆಗೆದೆ. ಅವಳು ಮಾಡಲೊಪ್ಪದ್ದನ್ನು ಪ್ರೋಗ್ರಾಮಿನಲ್ಲಿ ಮಾಡಿದೆ. ಕಲಿಸುವ ಪ್ರತಿ ಫೋಟೋದ ಮೇಲೂ, ಪ್ರತಿ ಸಲವೂ, ಎಲ್ಲಿ ಬೇಕೆಂದರಲ್ಲಿ ಕಪ್ಪು, ಬಿಳಿ, ಹಳದಿ ಚುಕ್ಕೆಗಳನ್ನು ಸುಳ್ಳುಸುಳ್ಳಾಗಿ ಇಡಿಸಿದೆ. ಬೊಟ್ಟು ನೋಡಿದರೆ ಮೋಸ ಹೋಗುತ್ತೇನೆ ಎಂದು ಮಾಡೆಲ್‌ಗೆ ತಿಳಿಯಬೇಕಿತ್ತು. ಮೊದಲ ಎರಡು ತಿಂಗಳು ಅದಕ್ಕೆ ಏನೂ ತಿಳಿಯಲಿಲ್ಲ. ಹತ್ತರಲ್ಲಿ ಮೂರು ಸರಿ ಹೇಳಿದರೆ ಹೆಚ್ಚು. ಆಮೇಲೆ ಕೆಂಪು ಬಣ್ಣ ನಿಧಾನಕ್ಕೆ ಕೆನ್ನೆಯಿಂದ ಸರಿದು ಮೂಗಿನ ಉಬ್ಬಿಗೆ, ಕಣ್ಣಿನ ಸುತ್ತಕ್ಕೆ ಬಂತು. ನಾಲ್ಕಾಯಿತು, ಆರಾಯಿತು, ಏಳಕ್ಕೆ ಬಂದು ನಿಂತಿತು. ಏನು ಮಾಡಿದರೂ ಅಲ್ಲಿಂದ ಮೇಲೇಳಲಿಲ್ಲ.

ಏಳು ಸಾಕೇ? ಹಳೆಯ ಸುಳ್ಳು ಫಲಿತಾಂಶದ ಎದುರು ಇದು ಬಡಕಲಾಗಿ ಕಾಣುತ್ತಿತ್ತು. ಬೇಜಾರಿನಲ್ಲಿ ಕೆರೆಯಂಗಳದ ಜಾಲಿಮರದ ಕೆಳಗೆ ಕೂತಿದ್ದಾಗ ದೊಡ್ಡಮ್ಮನ ಕೈಗೆ ಫೋನು ಕೊಟ್ಟು, ಮುಖ ಮಾತ್ರ ಇರುವ ಫೋಟೋ ತೋರಿಸಿ, "ಇದ್ಯಾವುದು ಹೇಳು" ಎಂದೆ. ಕಣ್ಣು ಕಿರಿದು ಮಾಡಿ ನೋಡಿದಳು. ಕೆಲವಕ್ಕೆ ತಟ್ಟನೆ ಹೇಳಿದಳು. ಕೆಲವಕ್ಕೆ ತಡವರಿಸಿದಳು. ಹತ್ತರಲ್ಲಿ ಮೂರು ತಪ್ಪಿದಳು.

"ನೀನೇ ತಪ್ತೀಯಲ್ಲ ದೊಡ್ಡಮ್ಮ!"

"ಬರೀ ಮಕ ಕೊಟ್ರೆ ಹೆಂಗೇ ಹೇಳಾದು? ಅದು ನಡಿಬೇಕು, ಕೂಗ್ಬೇಕು, ಅದರವ್ವ ಯಾವ್ದು ಅಂತ ಪಕ್ಕದಾಗೆ ನಿಂತಿರ್ಬೇಕು. ಮಕ ಒಂದೇ ಕುರಿಯಾ?"

ನಾನು ನೆಟ್ಟಗೆ ಕೂತೆ. ನಲವತ್ತು ವರ್ಷ ಕುರಿ ಮೇಯಿಸಿದ ಕಣ್ಣಿಗೂ ಬರಿಯ ಮುಖದಿಂದ ಅಷ್ಟೇ ಸಿಗುತ್ತದೆ ಎಂದ ಮೇಲೆ ನನ್ನ ಮಾಡೆಲ್‌ನ ಏಳು ಬಡಕಲಲ್ಲ. ಮುಖದಲ್ಲಿ ಇರುವುದೇ ಅಷ್ಟು. ಅದಕ್ಕಿಂತ ಹೆಚ್ಚು ಹೇಳಿದ್ದ ನನ್ನ ಮೊದಲ ಮಾಡೆಲನ್ನು ಆ ಕಾರಣಕ್ಕೇ ಅನುಮಾನಿಸಬೇಕಿತ್ತು. ಮರುದಿನದಿಂದ ಅವಳಿಗೆ ಕ್ರಮವಾಗಿ ಪರೀಕ್ಷೆ ಮಾಡಿದೆ: ಮಾಡೆಲ್‌ಗೆ ಕೊಟ್ಟ ಅದೇ ಫೋಟೋಗಳು, ಅದೇ ಸಾಲು, ದಿನಕ್ಕೆ ಇಪ್ಪತ್ತು. ಎಲೆ ಅಡಿಕೆ ಜಗಿಯುತ್ತಾ ಬೈಯುತ್ತಾ ಹೇಳಿದಳು. ಎಲ್ಲವನ್ನೂ ಬರೆದುಕೊಂಡೆ.

ಕೊನೆಯದಾಗಿ ಪಾವಗಡದ ಕಡೆಯ ಒಬ್ಬ ಕುರಿಗಾಹಿಯ ಮಂದೆಯಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡಿ ನೋಡಿದೆ. "ಫೋಟೋ ತೀಸ್ಕೋಮ್ಮಾ, ಲೆಕ್ಕ ಮಾತ್ರಂ ವದ್ದು" ಎಂದು ಆತ ತೆಲುಗಿನಲ್ಲಿ ಮೊದಲೇ ಹೇಳಿದ, ಫೋಟೋ ತೆಗಿ, ಎಣಿಸುವುದು ಮಾತ್ರ ಬೇಡ ಎಂದು. ಕಾಗುಣಿತದ ಚೀಲ ತೋರಿಸಿದೆ. ಅಲ್ಲಿಯ ಕುರಿಗಳ ಹಣೆಗೆ ಮಸಿಯಲ್ಲ, ಅರಿಶಿನ. ಎರಡು ವಾರ ಬಿಟ್ಟು ಪರೀಕ್ಷೆಯ ಫೋಟೋಗೆಂದು, ಮಂದೆ ಸರಿದಿದ್ದ ಪಕ್ಕದ ಊರಿಗೆ ಹೋದಾಗ ಅರಿಶಿನ ಪೂರ್ತಿ ಹೋಗಿತ್ತು. ಮಾಡೆಲ್ ಅಲುಗಾಡಲಿಲ್ಲ. ಅಲ್ಲೂ ಹತ್ತಿರ ಹತ್ತಿರ ಏಳು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಗೈಡ್‌ಗೆ ಫೋನು ಮಾಡಿ ಹೇಳಿದೆ.

ಹೊಸ ಪೇಪರ್ ಒಂದು ಚಿಕ್ಕ ಪತ್ರಿಕೆಯಲ್ಲಿ ಬಂತು. ಪ್ರಬಂಧದಲ್ಲಿ ಬೊಟ್ಟಿನ ಕಥೆಯನ್ನು ಅನುಬಂಧಕ್ಕೆ ಹಾಕು ಎಂದು ಗೈಡ್ ಹೇಳಿದರು. ನಾನು ಅದನ್ನು ಎರಡನೆಯ ಅಧ್ಯಾಯವನ್ನಾಗಿ ಮಾಡಿದೆ. ಫಲಿತಾಂಶದ ಕೋಷ್ಟಕದಲ್ಲಿ ಮಾಡೆಲ್‌ನ ಪಕ್ಕ ದೊಡ್ಡಮ್ಮನ ಅಂಕಗಳನ್ನಿಟ್ಟು, ಮೇಲೆ 'ತಜ್ಞರು' ಎಂದು ಬರೆದೆ.

ವೈವಾಗೆ ದೊಡ್ಡಮ್ಮನನ್ನು ಕರೆದುಕೊಂಡೇ ಹೋದೆ. ಒಳಗೆ ಬರಲು ನಾಚಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಶಾಂತವಾಗಿ ಕೇಳಿದರು, ಶಾಂತವಾಗಿ ಹೇಳಿದೆ. ಕೋಷ್ಟಕ ಬಂದಾಗ ನಮ್ಮ ಹಿರಿಯ ಪ್ರಾಧ್ಯಾಪಕರು ಮುಂದಕ್ಕೆ ಬಾಗಿದರು.

"ತಜ್ಞರು ಅಂತ ಇದೆ. ಯಾರಿವರು? ಯಾವ ಸಂಸ್ಥೆ? ಏನು ಓದಿದ್ದಾರೆ?"

"ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ ಸರ್. ಕರೀಲಾ?"

ಅವರು ಬೇಡ ಎನ್ನುವಷ್ಟರಲ್ಲಿ ಪರೀಕ್ಷಕರು "ಕರೆಯಿರಿ" ಎಂದರು. ದೊಡ್ಡಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ಯಾರ ಕಡೆಯೂ ನೋಡಲಿಲ್ಲ. ಗೋಡೆಯಷ್ಟು ದೊಡ್ಡ ಟಿವಿ ಪರದೆಯಲ್ಲಿ, ಕೋಷ್ಟಕದ ಪಕ್ಕದಲ್ಲೇ, ಉದಾಹರಣೆಗೆಂದು ಹಾಕಿದ್ದ ಕುರಿಮುಖವನ್ನೇ ನೋಡುತ್ತಾ ನಿಂತಳು.

"ಇದು ಯಾವ ಕುರಿ ಹೇಳ್ತೀರಾ?" ಎಂದು ಪರೀಕ್ಷಕರು ಕೇಳಿದರು.

"ಇದಾ? ಗೋ ಅಲ್ವಾ ಸ್ವಾಮಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಲೇ, ಇಷ್ಟು ದೊಡ್ಡದು ಮಾಡಿ, ಇಷ್ಟು ಜನಕ್ಕೆ ತೋರುಸ್ತಾ ಇದ್ದೀಯಲ್ಲ, ಒಂದು ಬೊಟ್ಟು ಬ್ಯಾಡ್ವಾ?"

ಸೊಂಟದ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಹೆಬ್ಬೆರಳಿಗೆ ಹಚ್ಚಿಕೊಂಡು, ಪರದೆಯ ಮೇಲಿನ ಕರಿ ಕುರಿಯ ಕೆನ್ನೆಗೆ ಒತ್ತಿದಳು.

ಹಿರಿಯ ಪ್ರಾಧ್ಯಾಪಕರು ಅರ್ಧ ಎದ್ದರು. ಅಟೆಂಡರ್ ಬಟ್ಟೆ ಹಿಡಿದುಕೊಂಡು ಓಡಿ ಬಂದ. ನಾನು ಪರದೆಗೆ ಅಡ್ಡ ನಿಂತೆ.

"ಮುಗಿಯೋವರೆಗೂ ಇರಲಿ ಅಣ್ಣ" ಎಂದೆ.

ಪರೀಕ್ಷಕರು ತಲೆಯಾಡಿಸಿ, ಮುಂದುವರಿಸಿ ಎಂದರು. ಉಳಿದ ಒಂಬತ್ತು ಸ್ಲೈಡುಗಳನ್ನೂ ಆ ಬೊಟ್ಟಿನ ಜೊತೆಗೇ ತೋರಿಸಿದೆ. ಅರ್ಧ ಗಂಟೆಯ ನಂತರ ನಮ್ಮನ್ನು ಮತ್ತೆ ಒಳಗೆ ಕರೆದು, ಪದವಿಗೆ ಶಿಫಾರಸು ಮಾಡಿದ್ದೇವೆ ಎಂದು ಹೇಳಿದಾಗಲೂ ಅದು ಪರದೆಯ ಮೇಲೆ ಹಾಗೇ ಇತ್ತು.